ಚಳಿಗಾಲಕ್ಕೆ ಪೇಟೆಗೆ ಬಂದ ಅತ್ತೆ

ಚಳಿಗಾಲದಲ್ಲಿ ಮನುಷ್ಯರು ಹೊತ್ತು ಮುಳುಗುವ ಮೊದಲು ಮನೆ ಸೇರಿಕೊಳ್ಳಬೇಕು ಎಂದು ನಂಬಿದವಳು ನಾನು. ಅರಸೀಕೆರೆಯ ಚಳಿ ಕಂಡವರು ಇದನ್ನು ಸೋಮಾರಿತನ ಎನ್ನುವುದಿಲ್ಲ. ನಮ್ಮದು ಒಣ ಚಳಿ. ಮಾರ್ಗಶಿರ ಕಾಲಿಟ್ಟರೆ ಸಾಕು, ಶಾಲೆಯ ಕೊನೆಯ ಗಂಟೆ ಹೊಡೆಯುವ ಹೊತ್ತಿಗೆ ಬಯಲಿನಿಂದ ಗಾಳಿ ಏಳುತ್ತದೆ. ತುಟಿ ಒಡೆಯುತ್ತದೆ, ಹಿಮ್ಮಡಿ ಬಿರಿಯುತ್ತದೆ, ಗೂಡಿನಲ್ಲಿಟ್ಟ ಕೊಬ್ಬರಿ ಎಣ್ಣೆ ಸೀಸೆಯೊಳಗೇ ಗಟ್ಟಿಯಾಗುತ್ತದೆ. ನನಗಂತೂ ಸೈನಸ್ಸಿನ ಕಾಟ. ತಣ್ಣನೆ ಗಾಳಿ ಹಣೆಗೆ ತಾಗಿತೋ, ಮಾರನೆಯ ದಿನ ಹೈಸ್ಕೂಲಿನ ಮಕ್ಕಳಿಗೆ ಬೆಳಕಿನ ವಕ್ರೀಭವನ ಹೇಳಿಕೊಡುವಾಗ ಕಣ್ಣಿನ ಹಿಂದೆ ಯಾರೋ ಸುತ್ತಿಗೆ ಹಿಡಿದು ಕೂತಿರುತ್ತಾರೆ. ಹಾಗಾಗಿ ಶಾಲೆ ಬಿಟ್ಟೊಡನೆ ಮನೆ, ಮನೆಗೆ ಬಂದೊಡನೆ ಕಾಲುಚೀಲ, ಕಾಫಿ, ಮಂಚ, ರಗ್ಗು. ಹಲವು ವರ್ಷ ಹೀಗೇ ಸುಖವಾಗಿ ನಡೆದಿತ್ತು.

ಆಮೇಲೆ ಅತ್ತೆ ಬಂದರು.

ಅತ್ತೆಯ ಊರು ಹಾರನಹಳ್ಳಿ ದಾಟಿ ಒಳಗೆ. ರಾಗಿ ಹೊಲ, ತೆಂಗು, ಕೆರೆಯ ಹಿಂದೆ ಒಂದಿಷ್ಟು ಗದ್ದೆ. ಎಲ್ಲವನ್ನೂ ಭಾವನವರು ನೋಡಿಕೊಳ್ಳುತ್ತಾರೆ. ಆದರೂ ಸುಗ್ಗಿ ಬಂತೆಂದರೆ ಅತ್ತೆ ಕಣ ಬಿಟ್ಟು ಕದಲುತ್ತಿರಲಿಲ್ಲ. ಒಕ್ಕಣೆಯ ಧೂಳು, ಮೇಲೆ ಬೆಳಗಿನ ಇಬ್ಬನಿ. ಎರಡೂ ಸೇರಿ ಅವರಿಗೆ ಉಬ್ಬಸ ಹಿಡಿಯಿತು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಸುಗ್ಗಿ ಮುಗಿಯೋವರೆಗೂ ಅಮ್ಮನ್ನ ಊರಲ್ಲಿ ಇಟ್ಕೋಬೇಡಿ. ಪೇಟೇಲಿ ಮಗನ ಮನೇಲಿ ಬೆಚ್ಚಗೆ ಇರಲಿ," ಎಂದರು. ಬೆಚ್ಚಗೆ ಎಂಬ ಆ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಮುಂದೆ ಎಷ್ಟೋ ಸಲ ಅದನ್ನೇ ಅತ್ತೆಯ ಮುಂದೆ ಹಿಡಿದಿದ್ದೇನೆ. ಏನೂ ಪ್ರಯೋಜನವಾಗಲಿಲ್ಲ.

ಬಂದ ಮೊದಮೊದಲು ತಾರಸಿಯ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿದರು. ನೆನೆಸಿ ಹಿತುಕಿ ಬೇಳೆ ಮಾಡಿಕೊಟ್ಟರು. ಸಾರು ಘಮಘಮ ಅನ್ನುತ್ತಿತ್ತು. ಇಂಥ ಅತ್ತೆಯನ್ನು ಚಳಿಗಾಲಕ್ಕೆ ಕಳಿಸಿಕೊಟ್ಟ ಡಾಕ್ಟರಿಗೆ ಪುಣ್ಯ ಬರಲಿ ಅಂದುಕೊಂಡೆ. ಒಂದು ಸಂಜೆ ನಾನು ರಗ್ಗಿನೊಳಗೆ ಸೇರಿಕೊಳ್ಳುವಷ್ಟರಲ್ಲಿ ಅತ್ತೆ ಕಿಟಕಿ ಹತ್ತಿರ ನಿಂತು ಕೇಳಿದರು.

"ಏನವ್ವ, ಈ ಊರಲ್ಲಿ ಹೊತ್ತು ಮುಳುಗಿದ ಮ್ಯಾಲೆ ಜನ ಏನು ಮಾಡ್ತಾರೆ?"

"ಮನೇಲಿರ್ತಾರೆ ಅತ್ತೆ. ಟೀವಿ ನೋಡ್ತಾರೆ."

"ಮನೇಲಿರಾಕೆ ಪ್ಯಾಟೆ ಯಾಕೆ ಬೇಕಿತ್ತು?"

ಟೀವಿ ಹಾಕಿಕೊಟ್ಟೆ. ಧಾರಾವಾಹಿ ಬರುತ್ತಿತ್ತು. ಸ್ವಲ್ಪ ಹೊತ್ತು ನೋಡಿ ರಿಮೋಟನ್ನು ನನ್ನ ಮಡಿಲಿಗೆ ಹಾಕಿದರು. "ಇದರೊಳಗೂ ಅತ್ತೆ ಸೊಸೆ ಕಿತ್ತಾಡ್ತವೆ. ಅದಕ್ಕಿಂತ ನಾವಿಬ್ರೇ ಕಿತ್ತಾಡಿದ್ರೆ ಆಗಕಿಲ್ವ? ಕರೆಂಟಾದ್ರೂ ಉಳೀತದೆ."

ನನ್ನ ಗಂಡ ರೈಲ್ವೆಯಲ್ಲಿ. ಅವರು ಷೂ ಹಾಕಿಕೊಳ್ಳುತ್ತಾ, "ಅಮ್ಮನಿಗೆ ಬೇಜಾರಾಗಿದೆ, ಒಂದು ರೌಂಡು ಕರ್ಕೊಂಡ್ ಹೋಗ್ಬಾರೇ," ಎಂದರು.

"ನೀವೂ ಬನ್ನಿ ಮತ್ತೆ."

"ನಂಗೆ ಡ್ಯೂಟಿ ಇದೆಯಲ್ಲ."

ಜಂಕ್ಷನ್ ಊರಿನಲ್ಲಿ ರೈಲ್ವೆಯವರನ್ನು ಕಟ್ಟಿಕೊಂಡವರಿಗೆ ಗೊತ್ತು, ಡ್ಯೂಟಿ ಎಂಬ ಮಾತಿನ ಮೇಲೆ ಅಪೀಲು ಇಲ್ಲ. ಮಗಳನ್ನು ಕೇಳಿದರೆ, "ಅಮ್ಮಾ, ನಂಗೆ ಪಿಯುಸಿ ಎಕ್ಸಾಮ್ ಇದೆ, ನೆನಪಿದ್ಯಾ?" ಎಂದು ಮೊಬೈಲಿನಿಂದ ತಲೆಯೆತ್ತದೆ ಹೇಳಿದಳು. ಉಳಿದವಳು ನಾನೊಬ್ಬಳೇ.

ಅತ್ತೆ ಸೀರೆಯ ಮೇಲೆ ಮಗನ ಹಳೆಯ ಕಂದು ಸ್ವೆಟರ್ ಹಾಕಿ, ತಲೆಗೆ ಮಫ್ಲರ್ ಸುತ್ತಿ ಗದ್ದದ ಕೆಳಗೆ ಗಂಟು ಹಾಕಿಕೊಂಡರು. ನಾನು ತಂದುಕೊಟ್ಟ ಕಾಲುಚೀಲದ ಮೇಲೆ ಹವಾಯಿ ಚಪ್ಪಲಿ. ಎಲೆ ಅಡಿಕೆ ಚೀಲದಲ್ಲಿ ಅಡಿಕೆಯ ಜೊತೆ ಇನ್‌ಹೇಲರು. ಹೀಗೆ ಸಿದ್ಧರಾಗಿ ನನಗಿಂತ ಮುಂದೆ ಗೇಟಿನ ಹತ್ತಿರ ನಿಂತಿದ್ದರು.

ಅವತ್ತು ಬಸ್ ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ಕರೆದುಕೊಂಡು ಹೋದೆ. ಒಂದು ದಿಲ್‌ಪಸಂದ್, ಒಂದು ಟೀ, ವಾಪಸ್ಸು; ಇದು ನನ್ನ ಲೆಕ್ಕ. ಅತ್ತೆಯ ಲೆಕ್ಕ ಬೇರೆ. ಅವರು ದಿಲ್‌ಪಸಂದನ್ನು ಚೂರು ಚೂರೇ ಮುರಿದು ಬಾಯಿಗೆ ಹಾಕಿಕೊಳ್ಳುತ್ತಾ ರಸ್ತೆಯನ್ನು ನೋಡಿದರು. ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ, ಆ ಹುಡುಗಿ ಯಾಕೆ ಒಬ್ಬಳೇ ನಗುತ್ತಾ ಫೋನಿನಲ್ಲಿ ಮಾತಾಡುತ್ತಿದ್ದಾಳೆ, ಕೊಬ್ಬರಿ ಮಂಡಿಯವರು ಇಷ್ಟು ಹೊತ್ತಿಗೇ ಅಂಗಡಿ ಮುಚ್ಚಿದರೇಕೆ, ಎಲ್ಲವೂ ಅವರಿಗೆ ಬೇಕು. ತಿಂದು ಮುಗಿಸಿ, "ಅಲ್ಲಿ ಏನೋ ಕರೀತಾವ್ರೆ," ಎಂದು ಎದುರಿನ ಗಾಡಿಯ ಕಡೆ ಹೊರಟೇಬಿಟ್ಟರು. ಮೆಣಸಿನಕಾಯಿ ಬಜ್ಜಿ. ಬಜ್ಜಿಯಾದ ಮೇಲೆ ಬಳೆ ಅಂಗಡಿ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಮೂಗು ಕಟ್ಟಿ, ಹಣೆ ಸಿಡಿಯುತ್ತಿದ್ದ ನಾನು ಹಿಂದೆ ನಿಂತು, "ಅತ್ತೆ, ಡಾಕ್ಟರು ಬೆಚ್ಚಗಿರಬೇಕು ಅಂದಿದ್ದಾರೆ," ಎಂದೆ.

"ಬಾಣಲಿ ಮುಂದೆ ನಿಂತ್ಕಂಡಿದ್ದೆನಲ್ಲವ್ವ. ಬೆಚ್ಚಗೇ ಇತ್ತು."

ಅಂದಿನಿಂದ ದಿನವೂ ಇದೇ ಆಯಿತು. ನಾನು ಶಾಲೆಯಿಂದ ಬರುವಾಗ ಅತ್ತೆ ಮಫ್ಲರ್ ಕಟ್ಟಿಕೊಂಡು ವರಾಂಡದಲ್ಲಿ ಕೂತಿರುತ್ತಿದ್ದರು. ಕಾಫಿ ಕುಡಿಯಲೂ ಬಿಡುತ್ತಿರಲಿಲ್ಲ. "ಅಲ್ಲೇ ಕುಡಿಯಾನ ಬಾ," ಎನ್ನುತ್ತಿದ್ದರು. ಸಿನಿಮಾಕ್ಕೂ ಹೋದೆವು. ಹೊರಗೆ ಜನ ಮಂಕಿ ಕ್ಯಾಪು ಹಾಕಿಕೊಂಡು ಓಡಾಡುತ್ತಿದ್ದರೆ ಥಿಯೇಟರಿನೊಳಗೆ ಫ್ಯಾನುಗಳೆಲ್ಲ ಭರ್ರನೆ ತಿರುಗುತ್ತಿದ್ದವು. ಗೇಟಿನವನನ್ನು ಕೇಳಿದರೆ, "ಫ್ಯಾನ್ ಆಫ್ ಮಾಡಿದ್ರೆ ಟಿಕೆಟ್ ತಗೊಂಡೋರು ಬೈತಾರೆ ಮೇಡಂ," ಎಂದ. ಟಿಕೆಟ್ ತೆಗೆದುಕೊಂಡವಳು ನಾನೇ ಅಲ್ಲವೇ, ನಾನೇ ಹೇಳುತ್ತಿದ್ದೇನಲ್ಲ ಎಂದರೆ ನಕ್ಕು ಆಚೆ ಹೋದ. ಅತ್ತೆ ಪರದೆಯ ಮೇಲಿನ ನಾಯಕನಿಗೆ, "ಹಿಂದ್ಕೆ ನೋಡ್ಲಾ, ಹಿಂದ್ಕೆ!" ಎಂದು ಜೋರಾಗಿ ಹೇಳಿದರು. ಅವನು ನೋಡಲಿಲ್ಲ. ಏಟು ತಿಂದ. "ಹೇಳಿದ್ ಮಾತು ಕೇಳಾಕಿಲ್ಲ, ನನ್ನ ಮಗನಂಗೇ," ಎಂದರು. ಹಿಂದಿನ ಸಾಲಿನವರು ಚಪ್ಪಾಳೆ ತಟ್ಟಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡು ಸೀನಿದೆ.

ಸಂಕ್ರಾಂತಿಯ ಹೊತ್ತಿಗೆ ಮೈದಾನದಲ್ಲಿ ಎಕ್ಸಿಬಿಷನ್ ಹಾಕಿದರು. ಡೆಲ್ಲಿ ಹಪ್ಪಳ, ಪ್ಲಾಸ್ಟಿಕ್ ಸಾಮಾನು, ಬಾವಿಯೊಳಗೆ ಬೈಕ್ ಓಡಿಸುವವರು, ಮಧ್ಯದಲ್ಲಿ ದೀಪ ಹಚ್ಚಿದ ಜೈಂಟ್ ವೀಲ್. ಅತ್ತೆ ಕತ್ತೆತ್ತಿ ಅದನ್ನೇ ನೋಡುತ್ತಾ ನಿಂತರು. ಅವರ ಮನಸ್ಸಿನಲ್ಲಿರುವುದು ನನಗೆ ಆಗಲೇ ಗೊತ್ತಾಯಿತು.

"ಅತ್ತೆ, ಅದು ಮಕ್ಕಳಿಗೆ."

"ಅಗೋ, ಆವಯ್ಯನ ಮೀಸೆ ನೋಡು. ಅವ್ನು ಮಗುವಾ?"

"ನಿಮಗೆ ಉಸಿರು ಕಟ್ಟುತ್ತೆ."

"ಅದಕ್ಕೇ ನೀನು ಜೊತೇಲಿರು."

ನಾನು ಸಣ್ಣವಳಿದ್ದಾಗಿನಿಂದಲೂ ಎತ್ತರಕ್ಕೆ ಹೆದರುವವಳು. ಆದರೆ ಎಪ್ಪತ್ತು ದಾಟಿದ ಉಬ್ಬಸದವರನ್ನು ಒಬ್ಬರೇ ತೊಟ್ಟಿಲಲ್ಲಿ ಕೂರಿಸಿ ಮೇಲಕ್ಕೆ ಕಳಿಸಿದ ಸೊಸೆ ಎಂದು ನಮ್ಮ ಕಡೆಯವರ ಬಾಯಿಗೆ ಬೀಳುವುದೂ ಬೇಡವಾಗಿತ್ತು. ಹತ್ತಿದೆ. ಚಕ್ರ ನಿಧಾನಕ್ಕೆ ಎದ್ದು, ನಮ್ಮ ತೊಟ್ಟಿಲು ಸರಿಯಾಗಿ ತುದಿಗೆ ಬಂದಾಗ ನಿಂತಿತು. ಕೆಳಗೆ ಜನ ಹತ್ತಿಸಿಕೊಳ್ಳುತ್ತಿದ್ದರು. ಮೇಲೆ ಗಾಳಿ ಎಂಥದ್ದು ಎಂದರೆ, ಊರಿನ ಚಳಿಯೆಲ್ಲ ಮೊದಲು ಅಲ್ಲಿಗೆ ಬಂದು ಆಮೇಲೆ ಕೆಳಗಿಳಿಯುತ್ತದೆ ಅನ್ನಿಸುತ್ತಿತ್ತು. ತೊಟ್ಟಿಲು ತೂಗಾಡಿತು. ನಾನು ಕಣ್ಣು ಮುಚ್ಚಿ ಕಂಬಿಯನ್ನು ತಬ್ಬಿ ಹಿಡಿದೆ.

"ಕಣ್ಣು ಬಿಡವ್ವ. ಟೇಸನ್ ಕಾಣ್ತೈತೆ. ನಿನ್ ಗಂಡ ಅಲ್ಲವ್ನೆ ನೋಡು."

"ಅವರ ಸುದ್ದಿ ಎತ್ತಬೇಡಿ ಅತ್ತೆ."

ಅತ್ತೆ ನಕ್ಕರು. ಗಟ್ಟಿಯಾಗಿ, ಹೊಟ್ಟೆಯೊಳಗಿಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಹಾಗೆ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನಗುತ್ತಾ ನಗುತ್ತಾ ಕೆಮ್ಮು ಬಂತು. ಕೆಮ್ಮುತ್ತಲೇ ಚೀಲದಿಂದ ಇನ್‌ಹೇಲರ್ ತೆಗೆದು, ಆ ಎತ್ತರದಲ್ಲಿ ಎಳೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇನ್ನೊಂದು ಸಲ ಹತ್ತಾನ," ಎಂದರು. ಇಳಿದವಳೇ ನಾನು ಹಪ್ಪಳದ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇನ್ನೊಂದು ಸಲಕ್ಕೆ ಅತ್ತೆ ಆ ಮೀಸೆಯವರ ಹೆಂಡತಿಯ ಜೊತೆ ಹತ್ತಿದರು.

ಅಷ್ಟಕ್ಕೇ ನಿಂತಿದ್ದರೆ ಚಳಿಗಾಲ ಹೇಗೋ ಕಳೆದುಹೋಗುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಒಂದು ಫ್ಲೆಕ್ಸು ಕಟ್ಟಿದ್ದರು: ಬೇಲೂರಿನಲ್ಲಿ ರಸಮಂಜರಿ, ಹಾಡು, ಡ್ಯಾನ್ಸು, ಟೀವಿಯ ಹಾಸ್ಯ ಕಲಾವಿದರು. ಅತ್ತೆಗೆ ಓದಲು ಬರುತ್ತದೆ. ನಿಂತು, ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದರು. "ನಿನ್ನ ತಮ್ಮ ಬೇಲೂರಲ್ಲೇ ಅಲ್ವ ಇರಾದು?" ಎಂದು ಕೇಳಿದರು. ನನ್ನ ತಮ್ಮ ಬೇಲೂರಿನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದಾನೆ. ಅತ್ತೆ ನನ್ನ ಮಗಳ ಕೈಯಲ್ಲಿ ಅವನಿಗೆ ಫೋನ್ ಮಾಡಿಸಿ, ನನ್ನನ್ನು ಕೇಳದೆಯೇ, ಭಾನುವಾರ ಬರುತ್ತೇವೆಂದು ಹೇಳಿಬಿಟ್ಟಿದ್ದರು. ಅವನು ಪಾಪ, "ಬನ್ನಿ ಅತ್ತೆಮ್ಮಾ, ಮುಂದಿನ ಸಾಲಲ್ಲೇ ಕುರ್ಚಿ ಹಿಡಿದಿರ್ತೀನಿ," ಎಂದನಂತೆ. ಗಂಡನನ್ನು ಏನೂ ಕೇಳಲು ಹೋಗಲಿಲ್ಲ. ಉತ್ತರ ಗೊತ್ತಿತ್ತು.

ಭಾನುವಾರ ಬೆಳಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿದೆವು. ಆಧಾರ್ ಕಾರ್ಡ್ ತೋರಿಸಿದರೆ ಹೆಂಗಸರಿಗೆ ಬಿಟ್ಟಿ ಪ್ರಯಾಣ. ಅತ್ತೆಗೆ ಅದೇ ಒಂದು ಸಂಭ್ರಮ; ಕಂಡಕ್ಟರ್ ಕೇಳುವ ಮೊದಲೇ ಕಾರ್ಡು ಹಿಡಿದು ಕೂತಿದ್ದರು. ಕಿಟಕಿಯ ಗಾಜು ಪೂರ್ತಿ ಮುಚ್ಚುತ್ತಿರಲಿಲ್ಲ. ಇಬ್ಬನಿ ಗಾಳಿ ನೇರವಾಗಿ ನನ್ನ ಹಣೆಗೇ ಬಂತು. ಜಾವಗಲ್ಲಿನಲ್ಲಿ ಜನ ತುಂಬಿದರು. ಹಳೇಬೀಡು ತಲುಪಿದಾಗ ಬಸ್ಸು ನಿಂತೇಬಿಟ್ಟಿತು. ಏನೋ ಕೆಟ್ಟಿದೆ, ಬೇರೆ ಬಸ್ಸು ಬರುತ್ತದೆ, ಇಳಿಯಿರಿ ಎಂದರು. ಎಷ್ಟೊತ್ತಿಗೆ ಎಂದರೆ, "ಬತ್ತದೆ," ಎಂದಷ್ಟೇ ಹೇಳಿ ಕಂಡಕ್ಟರ್ ಟೀ ಅಂಗಡಿ ಕಡೆ ನಡೆದರು.

ದೇವಸ್ಥಾನದ ಮುಂದೆ ಕಾಲಿಡಲು ಜಾಗವಿರಲಿಲ್ಲ. ಚಳಿಗಾಲವೆಂದರೆ ಶಾಲೆಗಳ ಟೂರು. ಎಲ್ಲೆಲ್ಲಿಂದಲೋ ಬಂದ ಬಸ್ಸುಗಳು, ಸಾಲು ಸಾಲು ಮಕ್ಕಳು, ಸೀಟಿ ಊದುವ ಮೇಷ್ಟ್ರುಗಳು. ವಾರವೆಲ್ಲ ಮಕ್ಕಳ ಗಲಾಟೆಯಲ್ಲೇ ಇರುವ ನನಗೆ ಭಾನುವಾರವೂ ಅದೇ ಬೇಕಿತ್ತೇ? ಅತ್ತೆ ಮಾತ್ರ ಹುಲ್ಲುಹಾಸಿನ ಮೇಲೆ ಬಿಸಿಲು ಬಿದ್ದಿದ್ದ ಜಾಗ ಹುಡುಕಿ ಕಾಲು ಚಾಚಿ ಕೂತರು. ಚುರುಮುರಿ ತರಿಸಿಕೊಂಡರು.

"ದೇವರ ದರ್ಶನ ಮಾಡ್ಕೊಂಡು ಬರೋಣ್ವಾ?" ಎಂದೆ.

"ನಾನು ಹುಟ್ಟಿದ್ದೇ ಪಕ್ಕದ ಹುಲಿಕೆರೆಯಲ್ಲಿ ಕಣವ್ವ. ಈ ದೇವ್ರು ನನ್ನ ಕಂಡವ್ನೆ, ನಾನು ಅವನ್ನ ಕಂಡಿವ್ನಿ. ನಾನು ಜನ ನೋಡ್ತೀನಿ."

ನಿಜಕ್ಕೂ ಜನರನ್ನೇ ನೋಡಿದರು. ಆ ಚಳಿಯಲ್ಲಿ ತುಂಡು ಚಡ್ಡಿ ಹಾಕಿಕೊಂಡು ಬಂದ ಬೆಂಗಳೂರಿನ ಹುಡುಗರು, ಒಂದೇ ಜಾಗದಲ್ಲಿ ನಿಂತು ಹತ್ತಾರು ಫೋಟೊ ತೆಗೆಸಿಕೊಳ್ಳುವ ಹೊಸ ಗಂಡ ಹೆಂಡತಿ. ಒಬ್ಬ ಹುಡುಗಿ ಬಂದು, "ಅಜ್ಜಿ, ನಿಮ್ಮ ಜೊತೆ ಒಂದು ಸೆಲ್ಫಿ?" ಎಂದು ಅತ್ತೆಯ ಮಫ್ಲರಿಗೆ ತಲೆ ಆನಿಸಿ ಚಿತ್ರ ತೆಗೆದುಕೊಂಡಳು. ಅವಳು ಹೋದ ಮೇಲೆ ಅತ್ತೆ ಚುರುಮುರಿಯ ಕಾಗದ ಮಡಿಸುತ್ತಾ ಮಾತಾಡಿದರು.

"ಇಲ್ಲೇ ಕಣವ್ವ, ಆ ರಸ್ತೆ ಪಕ್ಕ ಸಿನಿಮಾ ಟೆಂಟು ಹಾಕೋರು. ಸುಗ್ಗೀಲೇ ಹಾಕಾದು, ಜನದ ಕೈಲಿ ಕಾಸಿರ್ತದಲ್ಲ ಅಂತ. ನಮ್ಮಪ್ಪ, ಅಣ್ಣದೀರು ಎಲ್ಲಾ ಗಾಡಿ ಕಟ್ಕಂಡು ಹೋಗೋರು. ನಾನೂ ನಮ್ಮವ್ವನೂ ಕಣ ಕಾಯಾದು. ರಾಗಿ ರಾಶಿ ಬಿಟ್ಟು ಹೋಗಾಕಾಯ್ತದಾ? ಟೆಂಟಲ್ಲಿ ಹಾಡು ಹಾಕಿದ್ರೆ ಹುಲಿಕೆರೆಗಂಟ ಕೇಳೋದು. ಚಳೀಲಿ ಸದ್ದು ಬೋ ದೂರ ಬತ್ತದೆ. ಹಾಡೆಲ್ಲಾ ಬಾಯಿಗೆ ಬಂತು. ಚಿತ್ರ ಒಂದೂ ನೋಡ್ನಿಲ್ಲ."

"ಮದುವೆಯಾದ ಮೇಲೆ?"

"ಆಮ್ಯಾಲೆ ಹಾರನಹಳ್ಳಿ ಕಡೆ ಕಣ. ಕಣ ಬದ್ಲಾಯ್ತು, ಅಷ್ಟೇಯ. ನಿಮ್ಮಾವ ಅರಸೀಕೆರೆಗೆ ನಾಟಕ ನೋಡಾಕೆ ಹೋಗಿ ಬೆಳಗಾದ ಮ್ಯಾಲೆ ಬಂದು ಕತೆ ಹೇಳೋರು. ಅರ್ಧ ಹೇಳಿ ನಿದ್ದೆ ಮಾಡ್ಬುಡೋರು."

ಅತ್ತೆಯ ದನಿಯಲ್ಲಿ ದೂರು ಇರಲಿಲ್ಲ. ಎಮ್ಮೆ ಈದ ಸುದ್ದಿ ಹೇಳುವಂತೆ ಹೇಳಿದರು. ಒಬ್ಬ ಹುಡುಗಿ ಚಳಿಯಲ್ಲಿ ಕಂಬಳಿ ಹೊದ್ದು, ರಾಶಿಯ ಪಕ್ಕ ಕೂತು, ಕಾಣದ ಟೆಂಟಿನ ಕಡೆಗೆ ಕಿವಿ ಕೊಟ್ಟಿದ್ದಾಳೆ. ಅದು ನನ್ನ ಕಣ್ಣಿಗೆ ಕಟ್ಟಿತು. ಇನ್ನು ಮುಂದೆ ಅತ್ತೆಯ ಮೇಲೆ ಸಿಡುಕಬಾರದು ಎಂದುಕೊಂಡೆ. ಬೇರೆ ಬಸ್ಸು ಬಂದು, ಅದರಲ್ಲಿ ಸೀಟು ಸಿಗದೆ, ಒಂದು ತೆಂಗಿನಕಾಯಿ ಮೂಟೆಗೆ ಒರಗಿ ಒಂಟಿ ಕಾಲಲ್ಲಿ ನಿಂತು ಬೇಲೂರು ಸೇರುವಷ್ಟರಲ್ಲಿ ಆ ತೀರ್ಮಾನ ಸಡಿಲವಾಗಿತ್ತು.

ಕಾರ್ಯಕ್ರಮ ಸಂಜೆ ಆರಕ್ಕೆ ಎಂದಿತ್ತು. ತಮ್ಮ ಹೇಳಿದಂತೆ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿದಿದ್ದ. ಪ್ಲಾಸ್ಟಿಕ್ ಕುರ್ಚಿ. ಇಬ್ಬನಿಗೆ ಆಗಲೇ ಒದ್ದೆಯಾಗಿತ್ತು. ಬೇಲೂರಿನದು ನಮ್ಮೂರಿನಂಥ ಒಣ ಚಳಿಯಲ್ಲ; ಮೈಗೆ ಅಂಟಿಕೊಂಡು ಮೂಳೆ ಹುಡುಕುವ ಚಳಿ. ಆರಾಯಿತು, ವೇದಿಕೆ ಮೇಲೆ ಯಾರೂ ಇಲ್ಲ. ಹಲೋ ಮೈಕ್ ಟೆಸ್ಟಿಂಗ್ ಎಂದು ಒಬ್ಬರು ಹೇಳುತ್ತಲೇ ಇದ್ದರು. ಕೊನೆಗೂ ಗಣ್ಯರು ಬಂದರು. ಪ್ರಾರ್ಥನೆ, ಸ್ವಾಗತ, ದೀಪ ಹಚ್ಚುವುದು. ಗಾಳಿಗೆ ದೀಪ ನಿಲ್ಲಲಿಲ್ಲ, ಮತ್ತೆ ಹಚ್ಚಿದರು. ಆಮೇಲೆ ಸನ್ಮಾನ. ವೇದಿಕೆಯಲ್ಲಿದ್ದ ಒಬ್ಬೊಬ್ಬರಿಗೂ ಒಂದೊಂದು ಶಾಲು, ದಪ್ಪನೆಯ ಒಳ್ಳೆ ಶಾಲು. ಕೋಟು ಹಾಕಿಕೊಂಡವರ ಹೆಗಲ ಮೇಲೆ ಅದನ್ನು ಹೊದಿಸುತ್ತಿದ್ದರೆ ಕೆಳಗೆ ಕೂತ ನಾವು ಸೆರಗು ಬಿಗಿ ಮಾಡಿಕೊಳ್ಳುತ್ತಾ ನೋಡಿದೆವು.

ಆಮೇಲೆ ಭಾಷಣ ಶುರುವಾಯಿತು. ಒಬ್ಬರು ಮುಗಿಸಿ ಇನ್ನೊಬ್ಬರು. ಕೊನೆಗೆ ಬಂದ ಮುಖಂಡರು ಕಲೆ, ಶಿಲ್ಪ, ಸಂಸ್ಕೃತಿ ಎಂದು ಆರಂಭಿಸಿ ರಸ್ತೆ, ಚರಂಡಿಗೆ ಇಳಿದು, ಮತ್ತೆ ಸಂಸ್ಕೃತಿಗೆ ಹತ್ತಿದರು. ವೇದಿಕೆಯ ಹಿಂದೆ ಹಾಡುವ ಹುಡುಗಿಯರು ತೆಳ್ಳನೆಯ ಮಿಂಚಿನ ಬಟ್ಟೆಯಲ್ಲಿ ಅಂಗೈ ಉಜ್ಜಿಕೊಳ್ಳುತ್ತಾ ನಿಂತಿದ್ದರು. ಅತ್ತೆಯ ಉಸಿರಿನಲ್ಲಿ ಸಣ್ಣ ಸಿಳ್ಳೆ ಕೇಳಿಸಿತು.

"ಅತ್ತೆ, ಸಾಕು. ತಮ್ಮನ ಮನೆಗೆ ಹೋಗೋಣ."

"ಇನ್ನೇನು ಶುರು ಆಯ್ತದೆ, ಸುಮ್ಕಿರು."

"ಉಸಿರು ಕಟ್ಟಿದ್ರೆ ಯಾರಿಗೆ ಹೇಳೋದು? ಊರವರೆಲ್ಲ ನನ್ನ ಬೈತಾರೆ."

"ಇಷ್ಟೊರ್ಸ ಕಣದಲ್ಲಿ ಕೂತಿದ್ದಾಗ ಯಾರೂ ಯಾರ್ನೂ ಬೈನಿಲ್ಲ. ಈಗ ಕುರ್ಚಿ ಮ್ಯಾಲೆ ಕೂತಿವ್ನಿ. ನೋಡ್ಕಂಡೇ ಬರಾದು."

ಇನ್‌ಹೇಲರ್ ಎಳೆದುಕೊಂಡು, ಕೈ ಮಡಿಲಲ್ಲಿಟ್ಟು ಮತ್ತೆ ವೇದಿಕೆಯನ್ನೇ ನೋಡತೊಡಗಿದರು. ಮುಖಂಡರು ನೀರು ಕುಡಿದು, "ಇನ್ನೊಂದು ಮುಖ್ಯವಾದ ವಿಷಯ," ಎಂದರು.

ನನಗೆ ಏನಾಯಿತೋ ಗೊತ್ತಿಲ್ಲ. ಇಡೀ ಚಳಿಗಾಲದ ಸಿಡುಕೆಲ್ಲ, ಫ್ಯಾನು, ಜೈಂಟ್ ವೀಲು, ಡ್ಯೂಟಿ, ತೆಂಗಿನಕಾಯಿ ಮೂಟೆ ಎಲ್ಲವೂ ಸೇರಿ ನನ್ನನ್ನು ಕುರ್ಚಿಯಿಂದ ಎಬ್ಬಿಸಿದವು. ಎದ್ದು ನಿಂತಿದ್ದೆ. ಕೊನೆಯ ಬೆಂಚಿಗೂ ಕೇಳುವಂತೆ ಪಾಠ ಮಾಡಿ ಪಳಗಿದ ಗಂಟಲು ನನ್ನದು.

"ರೀ ಸ್ವಾಮಿ! ಮಾತು ಸಾಕು ಮಾಡ್ರೀ! ಶಾಲು ಹೊದ್ಕೊಂಡಿರೋರು ನೀವು, ನಡುಗ್ತಾ ಇರೋರು ನಾವು! ವಯಸ್ಸಾದೋರು ಹಾಡು ಕೇಳೋಕೆ ಎಷ್ಟು ದೂರದಿಂದ ಬಂದಿದ್ದಾರೆ ಗೊತ್ತೇನ್ರೀ?"

ಮೈದಾನದವರೆಲ್ಲ ನಮ್ಮ ಕಡೆ ತಿರುಗಿದರು. ತಮ್ಮ ನನ್ನ ಸೆರಗು ಹಿಡಿದು ಎಳೆಯುತ್ತಾ, "ಅಕ್ಕಾ, ಕೂತ್ಕೊಳೇ, ಅವರು ನಮ್ಮ ಅಂಗಡಿ ಗಿರಾಕಿ ಕಣೇ," ಎಂದು ಪಿಸುಗುಟ್ಟಿದ. ಮುಖಂಡರು ನಗುತ್ತಾ, "ಅಕ್ಕೋರು ಹೇಳೋದು ಸರಿಯಾಗಿದೆ. ಎರಡೇ ಮಾತಲ್ಲಿ ಮುಗಿಸ್ತೀನಿ," ಎಂದು ಮತ್ತೆ ಸಂಸ್ಕೃತಿಗೇ ಹೋದರು. ಆಗ ಹಿಂದಿನಿಂದ ಸಿಳ್ಳೆ ಶುರುವಾಯಿತು. ಯಾರೋ ಕುರ್ಚಿ ಬಡಿದರು. "ಅಕ್ಕೋರು ಹೇಳಿದ್ ಕೇಳ್ರೀ!" ಎಂದು ಒಂದು ಗುಂಪು ಕೂಗಿತು. ಮುಖಂಡರು ಕಾಗದ ಮಡಿಸಿ ಕೂತರು.

ನಾನು ಕುರ್ಚಿಗೆ ಕುಸಿದೆ. ಅತ್ತೆ ನನ್ನ ಕೈಯನ್ನು ತಮ್ಮ ಸ್ವೆಟರಿನ ತೋಳಿನೊಳಗೆ ಎಳೆದುಕೊಂಡರು.

"ಶಭಾಷ್ ಕಣವ್ವ," ಎಂದರು. "ನಿಂಗೆ ಇಂಥ ಗಂಟ್ಲೈತೆ ಅಂತ ಇಷ್ಟು ದಿನ ಹೇಳ್ನೇ ಇಲ್ವಲ್ಲ."

ಹಾಡು ಆರಂಭವಾಯಿತು. ಹಳೆಯ ಚಿತ್ರಗೀತೆಯೊಂದನ್ನು ಆ ಹುಡುಗಿಯರಲ್ಲಿ ಒಬ್ಬಳು ಹಾಡಲು ತೊಡಗಿದಾಗ ಅತ್ತೆ ಕೂತಲ್ಲೇ ಅವಳಿಗಿಂತ ಒಂದು ಸಾಲು ಮುಂದೆ ಹಾಡಿಕೊಳ್ಳುತ್ತಿದ್ದರು. ಒಂದು ಪದವೂ ತಪ್ಪಲಿಲ್ಲ. ಅಷ್ಟು ಹೊತ್ತು ನನ್ನ ತಲೆನೋವು ಎಲ್ಲಿತ್ತೋ ಗೊತ್ತಾಗಲಿಲ್ಲ. ಆಮೇಲೆ ಹಾಸ್ಯ ಕಲಾವಿದರು ಬಂದು ಅತ್ತೆ ಸೊಸೆಯರ ಜೋಕು ಹೇಳಿದರು. ಜನ ಬಿದ್ದು ಬಿದ್ದು ನಕ್ಕರು. ಅತ್ತೆ ನಗಲಿಲ್ಲ. "ಇವನ್ಗೆ ಮದ್ವೆ ಆಗೈತಾ? ಏನೂ ಗೊತ್ತಿಲ್ವಲ್ಲ," ಎಂದು ನನ್ನ ಕಿವಿಯಲ್ಲಿ ಹೇಳಿ, "ನಡಿ ಹೋಗಾನ, ಹಸಿವಾಯ್ತದೆ," ಎಂದು ಎದ್ದರು.

ಮಾರನೆಯ ಬೆಳಗ್ಗೆ ಮೊದಲ ಬಸ್ಸಿಗೆ ವಾಪಸ್ಸು ಹೊರಟೆವು. ನಾವು ಅರಸೀಕೆರೆ ತಲುಪುವ ಮೊದಲೇ ನಾನು ತಲುಪಿಯಾಗಿತ್ತು. ಯಾರೋ ಮೊಬೈಲಿನಲ್ಲಿ ನನ್ನ ಕೂಗಾಟವನ್ನೆಲ್ಲ ಹಿಡಿದು ವಾಟ್ಸಾಪಿನಲ್ಲಿ ಹರಿಯಬಿಟ್ಟಿದ್ದರು. ಸ್ಟೇಷನ್ನಿನಲ್ಲಿ ನನ್ನ ಗಂಡನಿಗೆ ಅವರ ಸಹೋದ್ಯೋಗಿಗಳೇ ತೋರಿಸಿದರಂತೆ. "ಏನೇ ಇದು? ನಾನು ಒಂದಿನ ಜೊತೇಲಿಲ್ಲ ಅಂದ್ರೆ..." ಎಂದು ಶುರು ಮಾಡಿದರು. ಒಂದು ದಿನವಂತೆ! ಅಡುಗೆಮನೆಯಿಂದ ಅತ್ತೆಯೇ, "ನೀನಿದ್ದಿದ್ರೆ ಇಬ್ರೂ ಸೇರಿ ಬಾಯಿ ಮುಚ್ಕಂಡು ಕೂತಿರ್ತಿದ್ರಿ. ಹೋಗ್ಲಾ, ಡ್ಯೂಟಿಗೆ ಹೊತ್ತಾಯ್ತು," ಎಂದರು.

ಶಾಲೆಯಲ್ಲಿ ಹೆಡ್‌ಮಾಸ್ಟರು, "ಬೇಲೂರಿಗೆ ಹೋಗಿದ್ರಂತೆ ಮೇಡಂ?" ಎಂದು ಮೀಸೆಯೊಳಗೇ ನಕ್ಕರು. ಹತ್ತನೆಯ ತರಗತಿಯಲ್ಲಿ ಗಂಟೆ ಹೊಡೆದ ಮೇಲೂ ನಾನು ಮಸೂರದ ಚಿತ್ರ ವಿವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಮೆಲ್ಲಗೆ, "ಮಾತು ಸಾಕು ಮಾಡ್ರೀ," ಎಂಬ ದನಿ ಬಂತು. ಆ ವರ್ಷವಿಡೀ ಆ ಮಾತು ನನ್ನನ್ನು ಬಿಡಲಿಲ್ಲ.

ಇಷ್ಟಾಗಿಯೂ ಹಾಸಿಗೆ ಹಿಡಿದವಳು ನಾನು. ಜ್ವರ, ಕೆಮ್ಮು, ಕಟ್ಟಿದ ಮೂಗು. ಉಬ್ಬಸದ ಅತ್ತೆ ಗುಂಡುಕಲ್ಲಿನ ಹಾಗಿದ್ದರು. ಅದೇ ಡಾಕ್ಟರು ಇಬ್ಬರನ್ನೂ ನೋಡಿ, ಅತ್ತೆಯ ಎದೆ ಈಗ ಎಷ್ಟೋ ವಾಸಿ, ಧೂಳಿನಿಂದ ದೂರ ಇದ್ದದ್ದು ಒಳ್ಳೆಯದಾಯಿತು ಎಂದು ಹೇಳಿ, ನನ್ನ ಕಡೆ ತಿರುಗಿ, "ನೀವು ಸ್ವಲ್ಪ ಬೆಚ್ಚಗಿರಬೇಕು," ಎಂದರು. ಅತ್ತೆ ಮೆಣಸಿನ ಸಾರು ಮಾಡಿ, ಅನ್ನ ಮೆತ್ತಗೆ ಕಲಸಿ, ಹಾಸಿಗೆ ಪಕ್ಕ ಕೂತು ತಿನ್ನಿಸಿದರು. ಹಣೆಗೆ ಬಿಸಿ ಬಟ್ಟೆ ಒತ್ತಿದರು. ಒತ್ತುತ್ತಲೇ, "ಸದಾ ಮನೇಲೇ ಕೂತ್ರೆ ಇಂಗೇಯ ಆಗಾದು. ದಿನಾ ಗಾಳೀಲಿ ಓಡಾಡಿದ್ರೆ ಮೈ ಗಟ್ಟಿಯಾಯ್ತದೆ," ಎಂದು ಬುದ್ಧಿಯನ್ನೂ ಹೇಳಿದರು. ಉತ್ತರವಾಗಿ ನಾನು ಸೀನಿದೆ.

ಶಿವರಾತ್ರಿಗೆ ಚಳಿ ಶಿವ ಶಿವ ಎನ್ನುತ್ತಾ ಹೋಯಿತು. ಅತ್ತೆಯೂ ಊರಿಗೆ ಹೋದರು. ಹೋಗುವಾಗ ಆ ಕಂದು ಸ್ವೆಟರನ್ನು ಒಗೆದು, ಮಡಿಸಿ, ನಮ್ಮ ಬೀರುವಿನಲ್ಲೇ ಇಟ್ಟರು. "ಅಲ್ಲಿ ಯಾರು ನೋಡ್ತಾರೆ? ಇಲ್ಲೇ ಇರ್ಲಿ, ಬತ್ತೀನಿ," ಎಂದರು.

ಬಂದರು. ಈ ಚಳಿಗಾಲಕ್ಕೆ ಡಾಕ್ಟರು ಏನೂ ಹೇಳಿರಲಿಲ್ಲ. ಈಗ ಅವರ ಊರಿನಲ್ಲಿ ರಾಗಿ ಒಕ್ಕಲು ಮಿಷನ್ ಬರುತ್ತದೆ. ಅತ್ತೆಯನ್ನು ಕಣಕ್ಕೆ ಯಾರೂ ಕರೆಯುವುದೂ ಇಲ್ಲ. ಆದರೂ ರಾಗಿ ಮನೆಗೆ ಬಂದ ವಾರವೇ ಗೇಟಿನ ಮುಂದೆ ಆಟೋ ನಿಂತಿತು. ಒಬ್ಬರೇ ಬಂದಿರಲಿಲ್ಲ. ಹುಲಿಕೆರೆಯ ತಂಗಿ, ಅಂದರೆ ನನ್ನ ಚಿಕ್ಕತ್ತೆ, ಮತ್ತು ಊರಿನಲ್ಲಿ ಅವರ ಪಕ್ಕದ ಮನೆಯ ಒಬ್ಬ ಹೆಂಗಸು ಜೊತೆಗಿದ್ದರು. ಮೂವರೂ ತಮ್ಮ ತಮ್ಮ ಮಫ್ಲರ್ ತಂದಿದ್ದರು. ಹಾಲಿನಲ್ಲಿ ಮೂರು ಹಾಸಿಗೆ ಹಾಸಿದೆವು. ನನ್ನ ಗಂಡನಿಗೆ ಇದ್ದಕ್ಕಿದ್ದಂತೆ ಓವರ್ ಟೈಮ್ ಬಂತು.

ಮೊನ್ನೆ ಶಾಲೆಯಿಂದ ಬಂದಾಗ ಮನೆ ಖಾಲಿಯಿತ್ತು. ವರಾಂಡದಲ್ಲಿ ಯಾರೂ ಕಾಯುತ್ತಿರಲಿಲ್ಲ. ಕಾಲುಚೀಲ ಹಾಕಿಕೊಂಡೆ, ಕಾಫಿ ಕುಡಿದೆ, ರಗ್ಗು ಎಳೆದುಕೊಂಡೆ. ಬಹಳ ದಿನಗಳಿಂದ ನಾನು ಬೇಡಿಕೊಂಡಿದ್ದು ಇದನ್ನೇ. ಮಲಗಿದೆ, ಎದ್ದೆ, ಕಿಟಕಿಯಿಂದ ಗೇಟು ನೋಡಿದೆ, ಮತ್ತೆ ಮಲಗಿದೆ. ಕತ್ತಲಾಗುವ ಹೊತ್ತಿಗೆ ಮೂವರೂ ಮೂಗು ಕೆಂಪಗೆ ಮಾಡಿಕೊಂಡು, ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತಾ ಬಂದರು.

"ನೀನು ಬರಾ ಹೊತ್ತಾಯ್ತು, ಕಾಯಾನ ಅಂದ್ಕಂಡ್ವಿ ಕಣವ್ವ," ಎಂದರು ಅತ್ತೆ. "ಆಮ್ಯಾಲೆ, ಪಾಪ, ನಿಂಗೆ ಚಳಿ ಆಗಾಕಿಲ್ಲ, ಮಲಗ್ಲಿ ಅಂತ ನಾವೇ ಹೋದ್ವಿ."

"ಒಂದು ಮಾತು ಫೋನ್ ಮಾಡಿ ಕೇಳಬಾರದಿತ್ತಾ?" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತೆ ಸ್ವೆಟರಿನೊಳಗಿಂದ ಒಂದು ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಮೆಣಸಿನಕಾಯಿ ಬಜ್ಜಿ. ಅಷ್ಟು ಜೋಪಾನವಾಗಿ ತಂದಿದ್ದರೂ ಪೂರ್ತಿ ತಣ್ಣಗಾಗಿತ್ತು. ಅದನ್ನೂ ಹೇಳಿದೆ.